ಜಾಮ್ ಆದ ಎಂಜಿನ್ನನ್ನು ಸರಪಳಿ ಕಟ್ಟಿ ಎಳೆಸಬೇಡಿ

ವರ್ಷಗಟ್ಟಲೆ ನಿಂತು ಎಂಜಿನ್ ಜಾಮ್ ಆದ ಹಳೇ ಟ್ರ್ಯಾಕ್ಟರ್ ನಿಮ್ಮ ಮನೆ ಮುಂದಿದ್ದರೆ, "ಇನ್ನೊಂದು ಟ್ರ್ಯಾಕ್ಟರಿಗೆ ಕಟ್ಟಿ ಗೇರಿನಲ್ಲಿ ಎಳೆದರೆ ಬಿಟ್ಟುಕೊಳ್ಳುತ್ತದೆ" ಎನ್ನುವ ಮಿಸ್ತ್ರಿಯ ಕೈಗೆ ಅದನ್ನು ಕೊಡಬೇಡಿ. ಮಹಾರಾಷ್ಟ್ರದ ಗಡಿಯಂಚಿನ ಜತ್ತ ತಾಲ್ಲೂಕಿನ ನಮ್ಮ ಊರಿನಲ್ಲಿ ಈ ಸಲ ಹಿಂಗಾರಿ ಬಿತ್ತನೆಗೆ ಮೊದಲು ನಮ್ಮ ಕಾಕಾನ ಟ್ರ್ಯಾಕ್ಟರಿಗೆ ಇದೇ ಆಯಿತು. ರಿಂಗ್ ಸೆಟ್, ಗ್ಯಾಸ್ಕೆಟ್, ಒಂದಿಷ್ಟು ಆಯಿಲ್ ಖರ್ಚಿನಲ್ಲಿ ಮುಗಿಯಬಹುದಾಗಿದ್ದ ಕೆಲಸ. ಈಗ ಸಿಲಿಂಡರಿನ ಒಳಗೋಡೆಯಾದ ಲೈನರ್ ಒಡೆದಿದೆ, ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಬಾಗಿದೆ, ಕ್ರ್ಯಾಂಕ್ ಲೇಥ್ ಅಂಗಡಿಯಲ್ಲಿ ಬಿದ್ದಿದೆ. ಗಡಿಯ ಆಚೆ ಈಚೆ ಎರಡೂ ಕಡೆ ಹಳೇ ಟ್ರ್ಯಾಕ್ಟರುಗಳು ಬೇಕಾದಷ್ಟಿವೆ, ಹೀಗೆ ಎಳೆಯುವವರೂ ಇದ್ದಾರೆ. ಅದಕ್ಕೇ ಆದದ್ದನ್ನು ಬಿಡಿಸಿ ಬರೆಯುತ್ತಿದ್ದೇನೆ.

ಕಾಕಾನದು ಎಚ್‌ಎಂಟಿ 2511. ಎರಡು ಸಿಲಿಂಡರ್, 25 ಎಚ್‌ಪಿ. ಹರಿಯಾಣದ ಪಿಂಜೋರ್ ಕಾರ್ಖಾನೆಯಲ್ಲಿ 1971ರಿಂದ ಜೆಕೊಸ್ಲೊವಾಕಿಯಾದ ಝೆಟರ್ ಮಾದರಿಯ ಮೇಲೆ ತಯಾರಾದ ಗಾಡಿ. ದೊಡ್ಡ ಟ್ರ್ಯಾಕ್ಟರ್ ಬಂದ ಮೇಲೆ ಇದು ಬೇವಿನ ಗಿಡದ ಕೆಳಗೆ ನಿಂತುಬಿಟ್ಟಿತು. ಹಾಗಂತ ಯಾರಿಗೂ ಬೇಡವಾಗಿದ್ದ ಗಾಡಿಯಲ್ಲ. ದಾಳಿಂಬೆ ಸಾಲುಗಳ ನಡುವೆ ದೊಡ್ಡದು ತಿರುಗುವುದಿಲ್ಲ, ಇದು ಸಲೀಸಾಗಿ ತಿರುಗುತ್ತಿತ್ತು. ಅದಕ್ಕೇ ಕಾಕಾ ಮತ್ತೆ ಚಾಲೂ ಮಾಡಿಸಬೇಕೆಂದು ಹೊರಟರು. ಪಿಂಜೋರಿನ ಆ ಟ್ರ್ಯಾಕ್ಟರ್ ವಿಭಾಗವನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲೇ ಒಪ್ಪಿಗೆ ಕೊಟ್ಟಾಗಿದೆ. ಅಂದರೆ ಇಂಥ ಎಂಜಿನ್ನಿನಲ್ಲಿ ಒಂದು ರಾಡ್ ಮುರಿದರೆ ಕಂಪನಿಯ ಬಾಗಿಲಿಗೆ ಹೋಗಿ ಕೇಳುವ ಹಾಗಿಲ್ಲ, ಹಳೇ ಸಾಮಾನಿನ ಅಂಗಡಿಗಳನ್ನೇ ಹುಡುಕಬೇಕು. ಕೈ ಹಾಕುವವನು ಇದನ್ನು ಮೊದಲು ತಿಳಿದಿರಬೇಕಿತ್ತು.

ಜಾಮ್ ಆಗಲು ಕಾರಣ ಸಣ್ಣದು. ಸೈಲೆನ್ಸರ್ ಬಾಯಿಯ ತಗಡಿನ ಮುಚ್ಚಳ ಎಂದೋ ಉದುರಿಹೋಗಿತ್ತು. ಮಳೆನೀರು ಕೊಳವೆಯಲ್ಲಿ ಇಳಿದು, ತೆರೆದೇ ನಿಂತಿದ್ದ ಎಕ್ಸಾಸ್ಟ್ ವಾಲ್ವ್ ದಾಟಿ ಒಂದು ಸಿಲಿಂಡರಿನ ಒಳಗೆ ಹೋಗಿತ್ತು. ಲೈನರೂ ರಿಂಗೂ ಬೀಡು ಕಬ್ಬಿಣದವು, ತುಕ್ಕು ಹಿಡಿದು ಒಂದಕ್ಕೊಂದು ಕಚ್ಚಿಕೊಂಡವು. ಇನ್ನೊಂದು ಸಿಲಿಂಡರ್ ಚೆನ್ನಾಗಿಯೇ ಇತ್ತು.

ಪೇಟೆಯಿಂದ ಬಂದ ಮಿಸ್ತ್ರಿ ನೋಡಿದವನೇ, "ಕಾಕಾ, ನೀವು ಕಾಳಜಿ ಮಾಡಬ್ಯಾಡ್ರಿ. ಇಂಥಾವು ಭಾಳ ಬಿಡಿಸೇನಿ. ಹೆಡ್ ಬಿಚ್ಚೂದೂ ಬ್ಯಾಡ, ಖರ್ಚೂ ಬ್ಯಾಡ. ಜಗ್ಗಿದ್ರ ಒಂದ್ ತಾಸಿನ್ಯಾಗ ಚಾಲೂ" ಎಂದನಂತೆ. ನಾನು ಅವತ್ತು ಮೀರಜಿಗೆ ಹೋಗಿದ್ದೆ. ಬಂದ ಮೇಲೆ ಕಾಕಾ, ಅವರ ಮಗ ಇಬ್ಬರೂ ಹೇಳಿದ್ದನ್ನು ಕೇಳಿ, ಬಿಚ್ಚಿದ ಸಾಮಾನನ್ನು ಕೈಯಲ್ಲಿ ಹಿಡಿದು ನೋಡಿ ಇದನ್ನು ಬರೆಯುತ್ತಿದ್ದೇನೆ.

ಅವನು ಮಾಡಿದ್ದು ಇಷ್ಟು. ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ನಾಝಲ್ ಎರಡೂ ಬಿಚ್ಚಿ, ಆ ತೂತುಗಳಿಂದ ಎರಡೂ ಸಿಲಿಂಡರಿಗೆ ಮೇಲಿನವರೆಗೆ ಡೀಸೆಲ್ ತುಂಬಿದ. ಊಟದ ಹೊತ್ತಿನ ತನಕ ಬಿಟ್ಟು, ಆ ಡೀಸೆಲನ್ನು ತೆಗೆಯದೆ ನಾಝಲ್ ಮತ್ತೆ ಕೂರಿಸಿ ಬಿಗಿದ. ದೊಡ್ಡ ಟ್ರ್ಯಾಕ್ಟರಿಗೆ ಸರಪಳಿ ಕಟ್ಟಿಸಿ, ಹಳೇದನ್ನು ಟಾಪ್ ಗೇರಿಗೆ ಹಾಕಿ, ನನ್ನ ತಮ್ಮನನ್ನು ಸೀಟಿನ ಮೇಲೆ ಕೂರಿಸಿ, ಓಟ ಸಿಕ್ಕಮೇಲೆ ಕ್ಲಚ್ ಬಿಡಲು ಹೇಳಿದ. ಮೊದಮೊದಲು ಹಿಂದಿನ ಗಾಲಿಗಳು ತಿರುಗದೆ ಹೊಲದಲ್ಲಿ ಗೀರು ಹಾಕಿಕೊಂಡೇ ಹೋದವು. ಆಮೇಲೆ ಒಮ್ಮೆಲೇ ಒಳಗಿಂದ "ಫಟ್" ಎಂದು ಸಪ್ಪಳ ಬಂದು ಎಂಜಿನ್ ತಿರುಗಿತು, ಹೊಗೆ ಉಗುಳಿ ಚಾಲೂ ಕೂಡ ಆಯಿತು. ಒಳಗೆ ಸುತ್ತಿಗೆಯಲ್ಲಿ ಹೊಡೆದಂಥ ಸಪ್ಪಳ. "ರಿಂಗ್ ಕುಂದ್ರಾಕತ್ತಾವ್ರಿ, ಓಡ್ಲಿ ಬಿಡ್ರಿ, ತಾನ ಸರಿ ಆಗತೈತಿ" ಎಂದು ಮಿಸ್ತ್ರಿ ಆಕ್ಸಿಲರೇಟರ್ ಏರಿಸಿದನಂತೆ. ಕಾಕಾ ಹಟ ಹಿಡಿದು ಬಂದ್ ಮಾಡಿಸಿ, ಆಯಿಲ್ ಕಡ್ಡಿ ಎಳೆದು ನೋಡಿದರು. ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿತ್ತು. ನೀರು ಚೇಂಬರಿಗೆ, ಅಂದರೆ ಎಂಜಿನ್ನಿನ ಕೆಳಗೆ ಆಯಿಲ್ ನಿಲ್ಲುವ ತೊಟ್ಟಿಗೆ, ಇಳಿದಾಗಿತ್ತು.

ಒಳಗೆ ಏನಾಯಿತು ಅನ್ನುವುದನ್ನು ಅರ್ಥ ಮಾಡಿಕೊಂಡರೆ ಈ ಪದ್ಧತಿ ಎಷ್ಟು ಕೆಟ್ಟದ್ದು ಎಂದು ತಿಳಿಯುತ್ತದೆ. ಈ ಎಂಜಿನ್ನಿನ ಬೋರ್ (ಸಿಲಿಂಡರಿನ ಒಳಗಿನ ಅಗಲ) 95 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ) 110 ಮಿ.ಮೀ. ಒಂದು ಸಿಲಿಂಡರಿಗೆ ಸುಮಾರು 780 ಸಿಸಿ. ಇಂಥ ಡೀಸೆಲ್ ಎಂಜಿನ್ನುಗಳು ಗಾಳಿಯನ್ನು ಹದಿನಾರು, ಹದಿನೇಳು ಪಟ್ಟು ಒತ್ತುತ್ತವೆ. ಲೆಕ್ಕ ಹಾಕಿ: ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಉಳಿಯುವ ಜಾಗ 50 ಮಿ.ಲೀ. ಆಸುಪಾಸು. ಅದಕ್ಕಿಂತ ಹೆಚ್ಚು ಡೀಸೆಲ್ ಒಳಗಿದ್ದು ವಾಲ್ವೂ ನಾಝಲೂ ಮುಚ್ಚಿದ್ದರೆ ಪಿಸ್ಟನ್ನಿಗೆ ಮೇಲೆ ಬರಲು ಜಾಗವೇ ಇಲ್ಲ. ಗಾಳಿಯನ್ನು ಒತ್ತಬಹುದು, ಡೀಸೆಲನ್ನು ಒತ್ತಲಾಗದು. ಹಿಂದಿನಿಂದ ಎರಡು ಟ್ರ್ಯಾಕ್ಟರುಗಳ ಓಟದ ಭಾರ ತಳ್ಳುತ್ತಿರುವಾಗ ರಾಡ್ ಬಾಗಲೇಬೇಕು. ಬಾಗಿದ್ದು ಯಾವುದು ಗೊತ್ತೇ? ಜಾಮ್ ಆಗದೆ ಚೆನ್ನಾಗಿದ್ದ ಸಿಲಿಂಡರಿನ ರಾಡ್. ಜಾಮ್ ಆದ ಕಡೆ ಪಿಸ್ಟನ್ ಕಿತ್ತುಕೊಂಡು ಬರುವಾಗ ರಿಂಗುಗಳು ತುಂಡಾಗಿ, ಲೈನರಿನ ಕೆಳಗಿನ ಅಂಚು ಒಡೆದು ಚೇಂಬರಿನಲ್ಲಿ ಬಿದ್ದಿತ್ತು. ಈ ಎಂಜಿನ್ನಿನಲ್ಲಿ ಲೈನರ್ ಸುತ್ತಲೂ ನೀರಿರುತ್ತದೆ, ಕೆಳಗೆ ರಬ್ಬರ್ ರಿಂಗುಗಳೇ ಅದನ್ನು ತಡೆಯುತ್ತವೆ. ಲೈನರ್ ಅಲುಗಿದರೆ ಆ ತಡೆ ಹೋಯಿತು, ನೀರು ನೇರ ಆಯಿಲಿಗೆ, ಅಲ್ಲಿಂದ ಬೇರಿಂಗಿಗೆ.

ಎಂಜಿನ್ ಹಾಳಾಗಿದ್ದಕ್ಕಿಂತ ನನಗೆ ಇಂದಿಗೂ ಎದೆ ನಡುಗಿಸುವುದು ತಮ್ಮ ಆ ಸೀಟಿನ ಮೇಲೆ ಕೂತಿದ್ದು. ಬಿಗಿದ ಸರಪಳಿ ಹರಿದರೆ ಅದರ ತುದಿ ಎತ್ತ ಹಾರುತ್ತದೆ ಎಂದು ಯಾರೂ ಹೇಳಲಾರರು. ಎಳೆಯುವ ಟ್ರ್ಯಾಕ್ಟರಿಗೆ ಕೊಂಡಿಯನ್ನು ಹಿಂದಿನ ಅಚ್ಚಿಗಿಂತ ಮೇಲೆ ಹಾಕಿದ್ದರೆ ಅದರ ಮುಂದಿನ ಗಾಲಿ ಎದ್ದು ಗಾಡಿ ಹಿಂದಕ್ಕೆ ಮಗುಚಬಹುದು. ಇನ್ನೊಂದಿದೆ: ವರ್ಷಗಟ್ಟಲೆ ನಿಂತ ಗಾಡಿಯಲ್ಲಿ, ಎಷ್ಟು ಡೀಸೆಲ್ ಹೋಗಬೇಕೆಂದು ಹಿಡಿತದಲ್ಲಿಡುವ, ಡೀಸೆಲ್ ಪಂಪಿನ ಒಳಗಿನ ರ‍್ಯಾಕ್ ಕೂಡ ಜಾಮ್ ಆಗಿರಬಹುದು. ಅದು ಪೂರ್ತಿ ತೆರೆದ ಸ್ಥಿತಿಯಲ್ಲಿ ಅಂಟಿಕೊಂಡಿದ್ದರೆ ಎಂಜಿನ್ ಹಿಡಿದ ಕ್ಷಣವೇ ರೇಸ್ ಏರುತ್ತಾ ಹೋಗುತ್ತದೆ, ಸ್ಟಾಪ್ ಎಳೆದರೂ ನಿಲ್ಲುವುದಿಲ್ಲ. ಟಾಪ್ ಗೇರಿನಲ್ಲಿ, ಮುಂದೆ ಸರಪಳಿ ಕಟ್ಟಿಕೊಂಡು, ಹಾಗಾಗಿದ್ದರೆ? ಕಾಕೂ ಇದನ್ನು ಕೇಳಿ ಅವತ್ತು ಊಟ ಮಾಡಲಿಲ್ಲ.

ಸರಿಯಾದ ದಾರಿ ನಿಧಾನದ್ದು, ಆದರೆ ಕಷ್ಟದ್ದಲ್ಲ. ಮೊದಲು ನಿಜವಾಗಿ ಎಂಜಿನ್ನೇ ಜಾಮ್ ಆಗಿದೆಯೇ ನೋಡಬೇಕು. ಎಷ್ಟೋ ಸಲ ಸ್ಟಾರ್ಟರಿನ ಹಲ್ಲು ಫ್ಲೈವೀಲಿನ ಹಲ್ಲಿಗೆ ಸಿಕ್ಕಿಕೊಂಡಿರುತ್ತದೆ. ಸ್ಟಾರ್ಟರ್ ಬಿಚ್ಚಿ, ಫ್ಯಾನ್ ಬೆಲ್ಟ್ ತೆಗೆದು, ಗೇರ್ ನ್ಯೂಟ್ರಲ್‌ಗೆ ತಂದು, ಕ್ಲಚ್ ಒತ್ತಿಸಿ ಮುಂದಿನ ಪುಲ್ಲಿಯ ನಟ್ಟಿಗೆ ಪಾನಾ ಹಾಕಿ ನೋಡಿ. ನಾಝಲ್ ಬಿಚ್ಚಿದ ಕೂಡಲೇ ತಿರುಗಿದರೆ ಒಳಗೆ ನೀರು ತುಂಬಿತ್ತು ಅಷ್ಟೇ.

ತಿರುಗದಿದ್ದರೆ ಮೇಲಿನ ಕವರ್ ತೆಗೆದು, ವಾಲ್ವುಗಳನ್ನು ಒತ್ತುವ ರಾಕರುಗಳನ್ನು ಸಡಿಲಿಸಿ. ವಾಲ್ವ್ ಗೈಡಿನಲ್ಲಿ ಅಂಟಿದ್ದರೆ ಬಲವಂತಕ್ಕೆ ರಾಕರನ್ನು ಎತ್ತುವ ಪುಶ್ ರಾಡ್ ಬಾಗುತ್ತದೆ. ನಾಝಲ್ ತೂತಿನಿಂದ ಡೀಸೆಲ್ ಬಿಡಿ, ಇಲ್ಲವೇ ಪವರ್ ಸ್ಟೀರಿಂಗಿಗೆ ಹಾಕುವ ಕೆಂಪು ಎಟಿಎಫ್ ಆಯಿಲ್ ಮತ್ತು ಅಸಿಟೋನ್ ಅರ್ಧರ್ಧ ಬೆರೆಸಿ ಬಿಡಿ. ಅಸಿಟೋನ್ ಪೆಟ್ರೋಲಿನ ಹಾಗೆ ಬೆಂಕಿ ಹಿಡಿಯುತ್ತದೆ, ಹತ್ತಿರ ಬೀಡಿ ಸೇದುವವರನ್ನು ನಿಲ್ಲಿಸಬೇಡಿ. ಹಾಕಿ ಬಿಟ್ಟುಬಿಡಿ, ದಿನಾ ನೋಡಿ. ಮಟ್ಟ ಇಳಿಯುತ್ತಿದ್ದರೆ ಒಳ್ಳೆಯ ಸುದ್ದಿ, ರಿಂಗ್ ಸಂದಿಯಲ್ಲಿ ದಾರಿ ಆಗುತ್ತಿದೆ ಎಂದರ್ಥ. ಮತ್ತೆ ಹಾಕಿ. ವಾರವಾಗಲಿ, ಹೆಚ್ಚೇ ಆಗಲಿ. ಮಧ್ಯೆ ಮಧ್ಯೆ ಉದ್ದ ಪಾನಾ ಹಾಕಿ ಮುಂದಕ್ಕೊಮ್ಮೆ ಹಿಂದಕ್ಕೊಮ್ಮೆ ಮೆತ್ತಗೆ ಒತ್ತಡ ಕೊಡಿ. ಕೂದಲೆಳೆಯಷ್ಟು ಅಲುಗಿದರೂ ಅಲ್ಲಿಗೆ ನಿಲ್ಲಿಸಿ, ಹಿಂದಕ್ಕೆ ತಂದು, ಮತ್ತೆ ಎಣ್ಣೆ ಬಿಡಿ. ಹಿಂದಕ್ಕೆ ತಿರುಗಿಸುವಾಗ ಪುಲ್ಲಿಯ ನಟ್ಟೇ ಸಡಿಲಾಗಬಹುದು. ಅದಕ್ಕೆ ಸ್ಟಾರ್ಟರ್ ತೂತಿನಿಂದ ಫ್ಲೈವೀಲಿನ ಹಲ್ಲಿಗೆ ರಾಡ್ ಕೊಟ್ಟು ತಿರುಗಿಸುವುದು ಇನ್ನೂ ಒಳ್ಳೆಯದು.

ಇಷ್ಟಕ್ಕೂ ಬಿಡದಿದ್ದರೆ ಸಿಲಿಂಡರುಗಳ ಮೇಲಿನ ಮುಚ್ಚಳವಾದ ಹೆಡ್ ತೆಗೆಯಲೇಬೇಕು, ಅದಕ್ಕೆ ಹಿಂಜರಿಯಬೇಡಿ. ಪಿಸ್ಟನ್ನಿನ ಮೇಲ್ಭಾಗದ ಲೈನರ್ ಗೋಡೆಯ ತುಕ್ಕನ್ನು ಎಮರಿ ಕಾಗದದಿಂದ ಪೂರ್ತಿ ಉಜ್ಜಿ ತೆಗೆಯುವ ತನಕ ಪಿಸ್ಟನ್ ಮೇಲಕ್ಕೆ ತರಬಾರದು, ರಿಂಗ್ ಮುರಿಯುವುದು ಅಲ್ಲೇ. ಲೈನರನ್ನು ಮೇಲಿನಿಂದ ವಾಷರ್ ಹಾಕಿ ಬೋಲ್ಟಿನಿಂದ ಅದುಮಿಡಬೇಕು, ಇಲ್ಲದಿದ್ದರೆ ಪಿಸ್ಟನ್ ಜೊತೆ ಲೈನರೂ ಎದ್ದು ಬರುತ್ತದೆ. ತಟ್ಟಬೇಕಾದರೆ ಬೋರಿನ ಅಳತೆಗೆ ಸಮೀಪದ ಗಟ್ಟಿ ಮರದ ದುಂಡನೆಯ ತುಂಡು ಇಟ್ಟು ತಟ್ಟಿ. ಪಿಸ್ಟನ್ ಅಲ್ಯೂಮಿನಿಯಂನದು, ಸುತ್ತಿಗೆ ನೇರ ಬಿದ್ದರೆ ಬಿರುಕು ಬಿಡುತ್ತದೆ. ಬೋರಿನಲ್ಲಿ ಪೆಟ್ರೋಲ್ ಸುರಿದು ಬೆಂಕಿ ಹಚ್ಚುವವರನ್ನಂತೂ ಗಾಡಿಯ ಹತ್ತಿರವೇ ಬಿಟ್ಟುಕೊಳ್ಳಬೇಡಿ.

ಕೈಯಿಂದ ಸಲೀಸಾಗಿ ಪೂರ್ತಿ ಸುತ್ತು ತಿರುಗಿದ ಮೇಲೂ ಅವಸರ ಬೇಡ. ನೆನೆಹಾಕಿದ ಡೀಸೆಲ್ ಎಲ್ಲಾ ಚೇಂಬರಿಗೆ ಇಳಿದಿರುತ್ತದೆ, ಹಳೇ ಆಯಿಲ್ ಪೂರ್ತಿ ಬಸಿದು ಹೊಸದು ಹಾಕಿ, ಫಿಲ್ಟರ್ ಬದಲಿಸಿ. ರೇಡಿಯೇಟರಿಗೆ ನೀರು ತುಂಬಿ ಒಂದು ರಾತ್ರಿ ಬಿಟ್ಟು, ಬೆಳಿಗ್ಗೆ ಚೇಂಬರಿನ ಡ್ರೈನ್ ಬೋಲ್ಟ್ ಸಡಿಲಿಸಿ ಮೊದಲು ನೀರು ಬರುತ್ತದೆಯೋ ನೋಡಿ. ಬಂದರೆ ಲೈನರಿನ ರಬ್ಬರ್ ರಿಂಗ್ ಹೋಗಿವೆ. ನಾಝಲ್ ಹೊರಗಿಟ್ಟುಕೊಂಡೇ ಸ್ಟಾರ್ಟರಿನಿಂದ ತಿರುಗಿಸಿ, ಒಳಗೆ ಉಳಿದದ್ದೆಲ್ಲ ಹೊರಗೆ ಹಾರಲಿ, ಆಯಿಲ್ ಮೀಟರಿನ ಮುಳ್ಳು ಏಳಲಿ. ಆ ತೂತುಗಳ ಎದುರು ಯಾರೂ ನಿಲ್ಲಬಾರದು. ಡೀಸೆಲ್ ಪಂಪಿನ ರ‍್ಯಾಕ್ ಕೈಯಲ್ಲಿ ಸರಾಗ ಸರಿಯುತ್ತದೆ ಎಂದು ಖಾತ್ರಿಯಾದ ಮೇಲೆಯೇ ನಾಝಲ್ ಹಾಕಿ. ಮೊದಲ ಸಲ ಚಾಲೂ ಮಾಡುವಾಗ ಗಾಳಿ ಒಳಹೋಗುವ ಕೊಳವೆಯ ಹತ್ತಿರ ಒಬ್ಬರು ದಪ್ಪ ಹಲಗೆ ಹಿಡಿದು ನಿಲ್ಲಲಿ. ರೇಸ್ ಏರಿದರೆ ಗಾಳಿ ಮುಚ್ಚಿ ನಿಲ್ಲಿಸಬೇಕು. ಕೈಯಿಂದ ಮುಚ್ಚಲು ಹೋಗಬಾರದು.

ನಮ್ಮ ಮಿಸ್ತ್ರಿ ಕೊನೆಗೆ ಹೇಳಿದ್ದನ್ನೂ ಬರೆಯಬೇಕು. ಮುಂಗಡ ತೆಗೆದುಕೊಂಡಿದ್ದ ಹಣ ವಾಪಸ್ ಕೊಡಲಿಲ್ಲ. "ಬ್ಲಾಕ್ ಹೋಗೇತಿ ಕಾಕಾ, ಇನ್ನ ಇದರಾಗ ಏನೂ ಉಳದಿಲ್ಲ. ಮೋಡಕಾ ರೇಟಿಗೆ ನಾನ ತಗೋತೀನಿ" ಎಂದ. ಹೆಡ್ ಬಿಚ್ಚಿ ಒಳಗೆ ನೋಡುವ ಮೊದಲೇ ಆಡಿದ ಮಾತು ಅದು. ಕಾಕಾ ಕೊಡಲಿಲ್ಲ, ಒಳ್ಳೆಯದಾಯಿತು. ಆಮೇಲೆ ಬೇರೆಯವರಿಂದ ಬಿಚ್ಚಿಸಿದಾಗ ಬ್ಲಾಕ್ ಗಟ್ಟಿಯಾಗಿಯೇ ಇತ್ತು. ಟೈರು, ಹೈಡ್ರಾಲಿಕ್, ಗೇರ್‌ಬಾಕ್ಸ್ ಸರಿ ಇರುವ ಗಾಡಿಯನ್ನು ಗುಜರಿ ಬೆಲೆಗೆ ಕೇಳುವವನು ಎಂಜಿನ್ ಬಗ್ಗೆ ಕೊಡುವ ತೀರ್ಪನ್ನು ನಂಬಬೇಡಿ, ಬೇರೆ ಊರಿನ ಇನ್ನೊಬ್ಬರಿಗೆ ತೋರಿಸಿ. ಮಿಸ್ತ್ರಿಯನ್ನು ಕರೆಯುವ ಮೊದಲೇ ಕೇಳಿ: ಹೇಗೆ ಬಿಡಿಸುತ್ತೀರಿ, ಎಷ್ಟು ದಿನ ನೆನೆಹಾಕುತ್ತೀರಿ, ಹೆಡ್ ನಮ್ಮ ಎದುರೇ ಬಿಚ್ಚುತ್ತೀರಾ. ಈ ಪ್ರಶ್ನೆಗಳಿಗೆ ಸಿಟ್ಟಾಗದೆ ಉತ್ತರ ಕೊಡುವ ಒಳ್ಳೆಯ ಮಿಸ್ತ್ರಿಗಳು ನಮ್ಮ ಕಡೆ ಇದ್ದಾರೆ. ಈಗ ಕೆಲಸ ಮಾಡುತ್ತಿರುವ ಹಿರಿಯರು ಅಂಥವರೇ, ಬಿಚ್ಚಿದ ಒಂದೊಂದು ಸಾಮಾನನ್ನೂ ಕಾಕಾನ ಕೈಗೆ ಕೊಟ್ಟು ತೋರಿಸುತ್ತಾರೆ.

ಲೈನರ್, ಪಿಸ್ಟನ್, ರಿಂಗ್ ಸಿಕ್ಕಿವೆ. ರಾಡ್ ಒಂದು ಸಿಕ್ಕಿಲ್ಲ. ಜತ್ತ, ಅಥಣಿ, ಇಂಡಿ, ಮಂಗಳವೇಢೆ ಕಡೆ ಯಾರ ಹತ್ತಿರವಾದರೂ ಬಿಚ್ಚಿಟ್ಟ 2511 ಎಂಜಿನ್ ಇದ್ದರೆ ತಿಳಿಸಿ. ರಾಡ್ ನೆಟ್ಟಗಿರಬೇಕು, ಕೆಳಗಿನ ಕ್ಯಾಪ್ ಅದರ ಜೋಡಿಯದ್ದೇ ಆಗಿರಬೇಕು. ರಾಡಿನ ಮೇಲೂ ಕ್ಯಾಪಿನ ಮೇಲೂ ಹೊಡೆದಿರುವ ನಂಬರ್ ಒಂದೇ ಇದೆಯೇ ನೋಡಿ ಹೇಳಿದರೆ ನಾವೇ ಬಂದು ಒಯ್ಯುತ್ತೇವೆ.