ಟ್ರಿಗರ್ ಇಂಜೆಕ್ಷನ್: ಎಚ್‌ಸಿಜಿನಾ, ಅಗೋನಿಸ್ಟಾ?

ಐವಿಎಫ್‌ನಲ್ಲಿ ಅಂಡಾಣು ತೆಗೆಯುವ ಸುಮಾರು 36 ಗಂಟೆ ಮುಂಚೆ, ಅಂಡಾಣು ಪೂರ್ತಿ ಬಲಿಯಲೆಂದು ಕೊಡುವ ಇಂಜೆಕ್ಷನ್ ಇದು. ಎಚ್‌ಸಿಜಿ ಅನ್ನುವ ಹಾರ್ಮೋನು ಹಳೆಯದು, ಭ್ರೂಣವನ್ನು ಅದೇ ತಿಂಗಳು ಒಳಗಿಡುವುದಕ್ಕೂ ಹೊಂದುತ್ತದೆ. ಆದರೆ ಅದು ದೇಹದಲ್ಲಿ ದಿನಗಟ್ಟಲೆ ಉಳಿದು ಅಂಡಾಶಯವನ್ನು ಕೆಣಕುತ್ತಲೇ ಇರುತ್ತದೆ, ಪಿಸಿಓಎಸ್ (ಹಾರ್ಮೋನು ಏರುಪೇರಿನ ಅಂಡಾಶಯದ ತೊಂದರೆ) ಇದ್ದು ಸ್ಕ್ಯಾನಿನಲ್ಲಿ ಫಾಲಿಕಲ್ (ಅಂಡಾಣು ಬೆಳೆಯುವ ಚೀಲ) ಜಾಸ್ತಿ ಕಂಡವರಿಗೆ ಹೊಟ್ಟೆಯಲ್ಲಿ ನೀರು ತುಂಬುವ ಓಎಚ್‌ಎಸ್‌ಎಸ್ ಬರುವ ಭಯ ಇಲ್ಲೇ ಹೆಚ್ಚು. ದೇಹದ್ದೇ ಹಾರ್ಮೋನು ಹೊರಬರುವಂತೆ ಮಾಡುವ ಲ್ಯೂಪ್ರೊಲೈಡ್‌ನಂಥ ಅಗೋನಿಸ್ಟಿನಲ್ಲಿ ಆ ಅಪಾಯ ತುಂಬಾ ಕಡಿಮೆ, ಪರಿಣಾಮ ಬೇಗ ಇಳಿಯುತ್ತದೆ. ಆದರೆ ಆಂಟಗೋನಿಸ್ಟ್ ಪ್ರೋಟೋಕಾಲ್ (ಅಂಡಾಣು ಮುಂಚೆಯೇ ಬಿಡುಗಡೆಯಾಗದಂತೆ ಬೇರೆ ಔಷಧಿ ಕೊಡುವ ಚಿಕಿತ್ಸಾ ಕ್ರಮ) ಆಗಿರಬೇಕು, ಸಾಮಾನ್ಯವಾಗಿ ಭ್ರೂಣ ಫ್ರೀಜ್ ಮಾಡಿ ಕಾಯಬೇಕು. ಫಾಲಿಕಲ್ ಜಾಸ್ತಿ ಇದ್ದರೆ ಕಾಯುವುದೇ ವಾಸಿ ಅನ್ನಿಸುತ್ತದೆ ನನಗೆ. ಡಾಕ್ಟರನ್ನು ನೇರವಾಗಿ ಕೇಳಿ.

ಇಂಜೆಕ್ಷನ್ ಯಾವುದಾದರೂ ಸರಿ, ಆಮೇಲೆ ದಿನಾ ಬೆಳಿಗ್ಗೆ ತೂಕ ನೋಡಿ ಬರೆದಿಡಿ. ಒಂದೇ ದಿನದಲ್ಲಿ 1 ಕೆಜಿ ಏರಿದರೆ, ಲಂಗದ ಲಾಡಿ ಬಿಗಿಯಾದರೆ, ಮೂತ್ರ ಕಮ್ಮಿಯಾದರೆ, ಉಸಿರು ಕಟ್ಟಿದಂತಾದರೆ ಅದು ಓಎಚ್‌ಎಸ್‌ಎಸ್ ಇರಬಹುದು, ಸುಮ್ನೆ ಕೂರಬೇಡಿ, ಮಧ್ಯರಾತ್ರಿಯಾದರೂ ಆಸ್ಪತ್ರೆಗೆ ಫೋನ್ ಮಾಡಿ.