ಪುಣೆಯಿಂದ ಕಿನ್ನೌರ್ ಟೂರ್: ಡ್ರೈವರ್ ಬಂಗಾರ, ಪರ್ಮಿಟ್ ದುಡ್ಡು ಮಾತ್ರ ಮೋಸ

ಪುಣೆಯ ಒಂದು ಟ್ರಾವೆಲ್ಸ್‌ನವರ ಜೊತೆ ಜೂನ್‌ನಲ್ಲಿ ಹಿಮಾಚಲ ಪ್ರದೇಶದ ಕಿನ್ನೌರ್ ಜಿಲ್ಲೆಗೆ ಹೋಗಿ ಬಂದೆವು. ಕನ್ನಡ ಸಂಘದ ನಾಲ್ಕು ಮನೆಯವರು, ಜೊತೆಗೆ ಅಮ್ಮ. ಡ್ರೈವರ್ ಅಲ್ಲಿನವರೇ. ಖಾಬ್ ಸೇತುವೆ ಹತ್ತಿರ ಗಾಡಿ ನಿಲ್ಲಿಸಿ, ಅಮ್ಮನ ಕೈ ಹಿಡಿದು ಇಳಿಸಿ, ಸ್ಪಿತಿ ನದಿ ಬಂದು ಸಟ್ಲೆಜ್ ಸೇರುವ ಜಾಗ ತೋರಿಸಿದರು. ಸುತ್ತ ಬರೀ ಬಂಡೆ, ಒಂದು ಮರ ಇಲ್ಲ. ಸಟ್ಲೆಜ್ ಟಿಬೆಟ್‌ನಿಂದ ಶಿಪ್ಕಿ ಲಾ ಅನ್ನೋ ಗಡಿ ಕಣಿವೆಯ ಹತ್ತಿರ ನಮ್ಮ ಕಡೆ ಬರುತ್ತದೆ ಅಂತ ಅವರೇ ಹೇಳಿದ್ದು.

ಜಿಲ್ಲೆ ದೊಡ್ಡದು, 6,401 ಚದರ ಕಿಲೋಮೀಟರ್. ಜನ ಮಾತ್ರ 2011ರ ಗಣತಿಯಲ್ಲಿ 84,121, ನಮ್ಮ ಪುಣೆಯ ಒಂದು ಬಡಾವಣೆಯಷ್ಟು ಅಲ್ವಾ! 1960ರಲ್ಲಿ ಬೇರೆ ಜಿಲ್ಲೆಯಾಯಿತು. ನಿಚಾರ್, ಕಲ್ಪಾ, ಪೂಹ್ ಅಂತ ಮೂರು ಉಪವಿಭಾಗ, ಡಿಸಿ ಆಫೀಸು ರೆಕಾಂಗ್ ಪಿಯೋದಲ್ಲಿ.

ಬೇಜಾರಾಗಿದ್ದು ಅಲ್ಲೇ. ಇನ್ನರ್ ಲೈನ್ ಪರ್ಮಿಟ್ (ಗಡಿ ಹತ್ತಿರದ ಜಾಗಗಳಿಗೆ ಹೋಗಲು ಕೊಡುವ ಅನುಮತಿ ಪತ್ರ) ಅಂತ ಟ್ರಾವೆಲ್ಸ್‌ನವರು ತಲೆಗೆ 500 ರೂಪಾಯಿ ಮೊದಲೇ ತೆಗೆದುಕೊಂಡಿದ್ದರು. ಪಿಯೋದಲ್ಲಿ ವಿಚಾರಿಸಿದರೆ, ನಾವು ಹೋಗುವ ನಾಕೋ, ಕಾಜಾ ಊರುಗಳ ರಸ್ತೆಗೆ ಭಾರತೀಯರಿಗೆ ಪರ್ಮಿಟ್ಟೇ ಬೇಡ, ವಿದೇಶಿಯರಿಗೆ ಮಾತ್ರ. ವಾಪಸ್ ಬಂದು ಕೇಳಿದಾಗ ಸರ್ವಿಸ್ ಚಾರ್ಜ್ ಅಂದರು. ವಯಸ್ಸಾದವರ ಹತ್ತಿರವೂ ಹೀಗೆ ಸುಮ್ನೆ ದುಡ್ಡು ಕೀಳುವುದು ತಪ್ಪು. ಬುಕ್ ಮಾಡುವಾಗಲೇ ಬಿಲ್ಲಿನಿಂದ ಆ ಸಾಲು ತೆಗೆಸಿ.