ಅಗ್ಗಕ್ಕೆ ಸಿಕ್ಕ ಸೈಕ್ಲೋಕ್ರಾಸ್ ಸೈಕಲ್: ಕ್ರ್ಯಾಂಕು, ಬ್ರೇಕು ಅಳೆಯದೆ ದುಡ್ಡು ಕೊಡಬೇಡಿ

ಬೆಲ್ಜಿಯಂ, ನೆದರ್ಲೆಂಡ್ಸ್ ಕಡೆ ಸೆಪ್ಟೆಂಬರ್‌ನಿಂದ ಫೆಬ್ರವರಿವರೆಗೆ ಸೈಕ್ಲೋಕ್ರಾಸ್, ಅಂದರೆ ಕೆಸರು, ಹುಲ್ಲಿನಲ್ಲಿ ಓಡಿಸಿ ಅಡ್ಡಹಲಗೆ ಬಂದಲ್ಲಿ ಸೈಕಲ್ ಹೊತ್ತು ಓಡುವ ರೇಸುಗಳ ಹಂಗಾಮು. ಅದಕ್ಕೆ ಒಂದೆರಡು ತಿಂಗಳ ಮುಂಚೆ ಹಳೆಯ ಕ್ರಾಸ್ ಸೈಕಲ್ಲುಗಳು ಸಾಲಾಗಿ ಮಾರಾಟಕ್ಕೆ ಬರುತ್ತವೆ. ಹಾಗೆ ಬಂದು ಕೈ ಬದಲಾದ ಒಂದು ಸೈಕಲ್ಲಿನ ವಿಚಾರ ಇದು. ಅಲ್ಯೂಮಿನಿಯಂ ಫ್ರೇಮ್, ಕಾರ್ಬನ್ ಫೋರ್ಕ್ (ಮುಂದಿನ ಚಕ್ರ ಹಿಡಿಯುವ ಕವಲು), 10 ಗೇರಿನ ಶಿಮಾನೊ ಕಂಪನಿಯ ರೋಡ್ ಲಿವರ್, ಅಂದರೆ ಬ್ರೇಕು, ಗೇರು ಎರಡೂ ಇರುವ ರೋಡ್ ಸೈಕಲ್ಲಿನ ಹಿಡಿ. ಮಾರುವವರು ಒತ್ತಿ ಹೇಳಿದ್ದು ಎರಡೇ ಮಾತು: ಕ್ರ್ಯಾಂಕು (ಪೆಡಲಿನ ತೋಳುಗಳು, ಮುಂದಿನ ಹಲ್ಲುಚಕ್ರ ಸೇರಿ) ಹೊಸದು, ಬ್ರೇಕು ಹೊಸದು. ಎರಡೂ ನಿಜವೇ.

ಮೊದಲ ಕೆಸರಿನ ರೇಸಿನಲ್ಲಿ ಆದದ್ದು ಇಷ್ಟು. ಎರಡನೇ ಸುತ್ತಿಗೆ ಮುಂದಿನ ಚಕ್ರ ಬ್ರೇಕ್ ಮುಟ್ಟಿದರೆ ಸಾಕು, ಕಚ್ಚಿಕೊಂಡು ನಿಲ್ಲತೊಡಗಿತು. ನಾಲ್ಕನೇ ಸುತ್ತಿಗೆ ಅದೇ ಬ್ರೇಕಿನ ಲಿವರ್ ಹ್ಯಾಂಡಲ್‌ಗೆ ಬಡಿದರೂ ಚಕ್ರ ನಿಲ್ಲಲಿಲ್ಲ. ಚೈನು ಎರಡು ಸಲ ಕಳಚಿತು. ಕೊನೆಯ ಸುತ್ತಿನಲ್ಲಿ ಕ್ರ್ಯಾಂಕು ಕಿರ್‌ಕಿರ್ ಅನ್ನುತ್ತ ಎಡಗಾಲಿನಡಿ ಅಲ್ಲಾಡಿತು. ಬಿಚ್ಚಿ ಸರಿಮಾಡಿಸುವ ಹೊತ್ತಿಗೆ ಬಿಡಿಭಾಗಗಳ ಲೆಕ್ಕ ಸೈಕಲ್ಲಿನ ಬೆಲೆಯನ್ನೇ ದಾಟಿತ್ತು. ಮೂಗಿಗಿಂತ ಮೂಗುತಿ ಭಾರ. ಅದರಲ್ಲಿ ಒಂದು ಭಾಗವೂ ಕಳಪೆಯಾಗಿರಲಿಲ್ಲ ಅನ್ನುವುದೇ ಇಲ್ಲಿ ಗಮನಿಸಬೇಕಾದ್ದು. ಒಂದಕ್ಕೊಂದು ಹೊಂದದ ಒಳ್ಳೆಯ ಭಾಗಗಳನ್ನು ಒಂದೇ ಫ್ರೇಮಿಗೆ ಬಿಗಿದಿದ್ದರು.

ಮೊದಲು ಬ್ರೇಕು. ಹಾಕಿದ್ದದ್ದು ಮೌಂಟನ್ ಬೈಕಿನ ಪೂರ್ಣ ಅಳತೆಯ ವಿ-ಬ್ರೇಕ್ (ಎರಡು ಉದ್ದ ತೋಳುಗಳಿಂದ ರಿಮ್ಮನ್ನು ಒತ್ತುವಂಥದು), ತೋಳಿನ ಉದ್ದ 100 ಮಿಮೀಗಿಂತ ಹೆಚ್ಚು. ಇಂಥ ಬ್ರೇಕಿಗೆ ರೋಡ್ ಲಿವರ್ ಎಳೆಯುವ ಕೇಬಲ್ಲಿನ ಸುಮಾರು ಎರಡರಷ್ಟು ಎಳೆತ ಬೇಕು. ರೋಡ್ ಲಿವರ್ ಅಷ್ಟು ಎಳೆಯುವುದಿಲ್ಲ. ಹಾಗಾಗಿ ಪ್ಯಾಡು ರಿಮ್ಮಿಗೆ ತಾಗಲೇಬೇಕಾದರೆ ಅದನ್ನು ರಿಮ್ಮಿನಿಂದ ಒಂದು ಮಿಮೀ ದೂರದಲ್ಲಿ ಕೂರಿಸಬೇಕು. ಅಂಗಡಿಯ ಸ್ಟ್ಯಾಂಡಿನ ಮೇಲೆ ಇದು ಚೆನ್ನಾಗಿಯೇ ಕಾಣುತ್ತದೆ: ಬೆರಳು ತಾಗಿಸಿದರೆ ಚಕ್ರ ನಿಲ್ಲುತ್ತದೆ, ಕೊಳ್ಳುವವರಿಗೆ ಖುಷಿ. ಎಳೆತ ಅರ್ಧವಾದಾಗ ಒತ್ತುವ ಬಲ ದುಪ್ಪಟ್ಟಾಗುತ್ತದೆ, ಅದಕ್ಕೇ ಆ ಹಿಡಿತ. ಕೆಸರಿನಲ್ಲಿ ಅದೇ ಶತ್ರು. ಒಂದು ಮಿಮೀ ಸಂದಿಯಲ್ಲಿ ಹುಲ್ಲು, ಜೇಡಿ ಕೂತು ಚಕ್ರ ಉಜ್ಜುತ್ತದೆ. ಬೇರಿಗೆ ಬಡಿದು ರಿಮ್ ಸ್ವಲ್ಪ ಸೊಟ್ಟಗಾದರೆ ಮುಗಿಯಿತು. ಮರಳು ಬೆರೆತ ರಾಡಿ ಒಂದೇ ರೇಸಿನಲ್ಲಿ ಪ್ಯಾಡನ್ನು ಮಿಮೀಗಟ್ಟಲೆ ತಿನ್ನಬಲ್ಲದು. ತಿಂದಷ್ಟೂ ಲಿವರ್ ಹ್ಯಾಂಡಲಿನ ಹತ್ತಿರಕ್ಕೆ ಬರುತ್ತದೆ, ಕೊನೆಗೆ ತಾಗಿಯೇ ಬಿಡುತ್ತದೆ. ಮೊದಲು ಕಚ್ಚಿ ಆಮೇಲೆ ಕೈಕೊಟ್ಟ ಬ್ರೇಕಿನ ಗುಟ್ಟು ಇದೇ.

ಅಳೆಯುವುದು ಸುಲಭ. ಬ್ರೇಕ್ ತೋಳು ತಿರುಗುವ ಬೋಲ್ಟಿನ ನಡುವಿನಿಂದ ಕೇಬಲ್ ಬಿಗಿಯುವ ಜಾಗದವರೆಗೆ ಟೇಪು ಹಿಡಿಯಿರಿ. 80ರಿಂದ 90 ಮಿಮೀ ಇದ್ದರೆ ಅದು ಮಿನಿ-ವಿ, ರೋಡ್ ಲಿವರ್ ಜೊತೆ ನಡೆಯುತ್ತದೆ. 100 ದಾಟಿದರೆ ಬೇಡ. ಮಿನಿಯಲ್ಲೂ ಒಂದು ಸೂಕ್ಷ್ಮವಿದೆ. ಶಿಮಾನೊದಲ್ಲಿ ಗೇರ್ ಕೇಬಲ್ ಹ್ಯಾಂಡಲ್ ಟೇಪಿನಡಿ ಹೋಗುವ ಲಿವರ್‌ಗಳು, ಅಂದರೆ ಡ್ಯೂರಾ ಏಸ್ 7900, ಅಲ್ಟೆಗ್ರಾ 6700, 105ರ 5700 ಸರಣಿಗಳಿಂದ ಈಚಿನವು, ಅದಕ್ಕೂ ಹಿಂದಿನವಕ್ಕಿಂತ ಹೆಚ್ಚು ಕೇಬಲ್ ಎಳೆಯುತ್ತವೆ. ಅವಕ್ಕೆ 90 ಮಿಮೀ ತೋಳು ಒಗ್ಗುತ್ತದೆ. ಬಟ್ಟೆ ಒಣಹಾಕುವ ಹಗ್ಗದಂತೆ ಗೇರ್ ಕೇಬಲ್ ಪಕ್ಕಕ್ಕೆ ಚಾಚಿದ ಹಳೆಯ ಲಿವರ್‌ಗೆ 84ರ ಆಸುಪಾಸಿನದು. ಕೇಬಲ್ ದಾರಿಯಲ್ಲಿ ತಿರುಗಿಸಿ ಸಡಿಲಿಸುವ ಅಡ್ಜಸ್ಟರ್ ಒಂದು ಇರಲಿ. ಇಲ್ಲದಿದ್ದರೆ 33 ಮಿಮೀ ಟೈರಿನ ಚಕ್ರ ಬಿಚ್ಚುವಾಗ ಪ್ರತಿ ಸಲವೂ ಗುದ್ದಾಟ. (33 ಮಿಮೀ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವಾದ ಯುಸಿಐ ರೇಸುಗಳ ಗರಿಷ್ಠ ಮಿತಿ.)

ಕ್ಯಾಂಟಿಲಿವರ್ ಬ್ರೇಕ್ (ಎರಡೂ ತೋಳನ್ನು ಮೇಲಿನಿಂದ ಒಂದೇ ಕೇಬಲ್ ಎಳೆಯುವ ಹಳೆಯ ಬಗೆ) ಇರುವ ಸೈಕಲ್ಲಾದರೆ ಬೇರೆ ಕಾಯಿಲೆ: ಬ್ರೇಕ್ ಹಿಡಿದೊಡನೆ ಮುಂದಿನ ಫೋರ್ಕ್ ಗಡಗಡ ನಡುಗುವುದು. ಪ್ಯಾಡ್ ಬದಲಿಸಿ, ಹೆಡ್‌ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) ಬಿಗಿಮಾಡಿ, ರಿಮ್ ಒರೆಸಿ ಸೋತವರು ಬಹಳ. ಕಾರಣ ಮೇಲಿದೆ. ಕೇಬಲ್ ಹಿಡಿಯುವ ಹ್ಯಾಂಗರ್ ಹೆಡ್‌ಸೆಟ್ಟಿನ ಹತ್ತಿರ ಇದ್ದರೆ, ಬ್ರೇಕಿನ ಒತ್ತಡಕ್ಕೆ ಫೋರ್ಕಿನ ಕೊಳವೆ ಹಿಂದಕ್ಕೆ ಬಾಗಿದಾಗ ಹ್ಯಾಂಗರಿಗೂ ಬ್ರೇಕಿಗೂ ನಡುವಿನ ದೂರ ಹೆಚ್ಚುತ್ತದೆ. ಕೈ ಬಿಗಿಮಾಡದಿದ್ದರೂ ಕೇಬಲ್ ತಾನೇ ಬಿಗಿಯುತ್ತದೆ. ಪ್ಯಾಡ್ ಕಚ್ಚುತ್ತದೆ, ಜಾರುತ್ತದೆ, ಫೋರ್ಕ್ ಮುಂದಕ್ಕೆ ಚಿಮ್ಮುತ್ತದೆ, ಮತ್ತೆ ಅದೇ ಕಥೆ. ಹ್ಯಾಂಗರನ್ನು ಫೋರ್ಕ್ ಕ್ರೌನಿಗೆ, ಅಂದರೆ ಫೋರ್ಕಿನ ಎರಡೂ ಕಾಲು ಕೂಡುವ ಜಾಗಕ್ಕೆ, ಇಳಿಸಿದರೆ ಆ ದೂರ ಬದಲಾಗುವುದಿಲ್ಲ, ನಡುಕ ಬಹುಪಾಲು ನಿಲ್ಲುತ್ತದೆ. ಫೋರ್ಕ್ ಕ್ರೌನಿನಲ್ಲಿ ಮುಂದಿನಿಂದ ತೂತು ಇದೆಯೇ ಅಂತ ಕೊಳ್ಳುವಾಗಲೇ ನೋಡಿ. ಕೆಲವು ಕಾರ್ಬನ್ ಫೋರ್ಕುಗಳಲ್ಲಿ ಇರುವುದಿಲ್ಲ, ಕೊರೆಯುವಂತೆಯೂ ಇಲ್ಲ. ಅಂಥದರಲ್ಲಿ ಮಿನಿ-ವಿ ಒಂದೇ ದಾರಿ. ಪ್ಯಾಡಿನ ಮುಂತುದಿ ಮೊದಲು ರಿಮ್ ತಾಗುವಂತೆ, ಹಿಂತುದಿಯಲ್ಲಿ ಒಂದು ಮಿಮೀ ಸಂದಿ ಇರುವಂತೆ ಓರೆ ಕೊಡುವುದು ಎರಡಕ್ಕೂ ಬೇಕು.

ಅಗಲ ಚಾಚಿದ ತೋಳಿನ ಕ್ಯಾಂಟಿಗೆ ಕೆಸರು ಸಿಕ್ಕಿಕೊಳ್ಳುವುದಿಲ್ಲ, ಆದರೆ ಹಿಡಿತ ಕಡಿಮೆ. ಹಿಂದೆ ಹಾಕಿದರೆ ಹಿಮ್ಮಡಿಗೆ, ಮೀನಖಂಡಕ್ಕೆ ತಾಗುತ್ತದೆ. ಹಾಗಾಗಿ ಮುಂದೆ ಅಗಲದ್ದು, ಹಿಂದೆ ಕಿರಿದು ಅನ್ನುವ ಜೋಡಿ ಹಳಬರ ಆಯ್ಕೆ. ಕಿರಿದಾದದ್ದರಲ್ಲಿ ಎರಡೂ ತೋಳು ಕೂಡಿಸುವ ಅಡ್ಡ ಕೇಬಲನ್ನು ಕೆಳಗಿಳಿಸಿದಷ್ಟೂ ಬಲ ಹೆಚ್ಚು, ಟೈರಿನ ಮೇಲಿನ ಜಾಗ ಕಡಿಮೆ. ಮುಂದಿನ ಮುಖ್ಯ ಕೇಬಲ್ ತುಂಡಾದರೆ ಈ ಅಡ್ಡ ಕೇಬಲ್ ಟೈರಿನ ಗುಬುಟುಗಳಿಗೆ ಸಿಕ್ಕಿ ಚಕ್ರವನ್ನು ಗಕ್ಕನೆ ನಿಲ್ಲಿಸುತ್ತದೆ. ಎಳೆ ಬಿಚ್ಚಿದ ಕೇಬಲನ್ನು ಒಂದು ದಿನವೂ ಇಟ್ಟುಕೊಳ್ಳಬೇಡಿ.

ಡಿಸ್ಕ್ ಬ್ರೇಕಿನದು ತೆಗೆದುಕೊಂಡರೆ ಈ ರಗಳೆಯೇ ಇಲ್ಲ ಅನ್ನುವವರಿದ್ದಾರೆ. ಯುಸಿಐ 2010ರಲ್ಲಿ ಸೈಕ್ಲೋಕ್ರಾಸ್‌ಗೆ ಡಿಸ್ಕ್ ಒಪ್ಪಿದ ಮೇಲೆ ಬಂದ ಮೊದಲ ಕೆಲವು ವರ್ಷಗಳ ಸೈಕಲ್ಲುಗಳೇ ಇವತ್ತು ಅಗ್ಗಕ್ಕೆ ಸಿಗುವುದು. ಅಗ್ಗವಾಗುವುದಕ್ಕೆ ಕಾರಣವೂ ಇದೆ. ಅವುಗಳ ಹಿಂದಿನ ಚಕ್ರದ್ದು 135 ಮಿಮೀ ಕ್ವಿಕ್ ರಿಲೀಸ್ ಅಚ್ಚು, ಕ್ಯಾಲಿಪರ್ (ಪ್ಯಾಡ್ ಹಿಡಿದ ಡಬ್ಬಿ) ಕೂರುವುದು ಪೋಸ್ಟ್ ಮೌಂಟಿನಲ್ಲಿ. ಈಗಿನ ಸೈಕಲ್ಲುಗಳದ್ದು 142 ಮಿಮೀ ಥ್ರೂ ಆಕ್ಸಲ್, ಫ್ಲ್ಯಾಟ್ ಮೌಂಟ್. ಒಂದರ ಚಕ್ರ ಇನ್ನೊಂದಕ್ಕೆ ಹಾಗೇ ಕೂರುವುದಿಲ್ಲ, ಬಿಡಿ ಚಕ್ರ ಹುಡುಕಲು ಅಲೆಯಬೇಕು. ಕೇಬಲ್ ಡಿಸ್ಕ್ ಆದರೆ ವಿ-ಬ್ರೇಕಿನ ತಪ್ಪೇ ಇಲ್ಲೂ ಕಾದು ಕೂತಿರುತ್ತದೆ: ಏವಿಡ್ ಬಿಬಿ7 ಕ್ಯಾಲಿಪರಿನಲ್ಲಿ ರೋಡ್ ಬೇರೆ, ಮೌಂಟನ್ ಬೇರೆ, ನೋಡಲು ಅವಳಿ ಜವಳಿ. ಮೌಂಟನ್‌ನದಕ್ಕೆ ರೋಡ್ ಲಿವರ್ ಕೊಟ್ಟರೆ ಎಳೆತ ಸಾಲದೆ ಲಿವರ್ ಹ್ಯಾಂಡಲ್ ಮುಟ್ಟುತ್ತದೆ. ಇನ್ನೊಂದು, ಬಿಬಿ7ರಲ್ಲಿ ಒಂದೇ ಬದಿಯ ಪ್ಯಾಡ್ ಚಲಿಸುತ್ತದೆ. ಒಳಬದಿಯದನ್ನು ಸವೆದ ಹಾಗೆ ಗುಂಡಿ ತಿರುಗಿಸಿ ಮುಂದೆ ತರುತ್ತಿರಬೇಕು. ಟಿಆರ್‌ಪಿ ಸ್ಪೈರ್‌ನಲ್ಲಿ ಎರಡೂ ಚಲಿಸುತ್ತವೆ.

ಪ್ಯಾಡಿನ ವಿಷಯಕ್ಕೆ ಜಿಪುಣತನ ಬೇಡ. ರೆಸಿನ್ ಪ್ಯಾಡ್ ಸದ್ದಿಲ್ಲದೆ ಹಿಡಿಯುತ್ತದೆ, ಆದರೆ ಮರಳುಗೆಸರಿನಲ್ಲಿ ಒಂದೇ ರೇಸಿಗೆ ಲೋಹದ ತಗಡು ಕಾಣಬಹುದು. ಕೆಸರಿಗೆ ಸಿಂಟರ್ಡ್ ಲೋಹದ ಪ್ಯಾಡೇ ಸರಿ. ರೋಟರ್ (ಬ್ರೇಕಿನ ಡಿಸ್ಕ್ ತಟ್ಟೆ) ಮೇಲೆ ರೆಸಿನ್ ಪ್ಯಾಡಿಗೆ ಮಾತ್ರ ಅಂತ ಕೊರೆದಿದ್ದರೆ ಅದಕ್ಕೆ ಲೋಹದ್ದು ಹಾಕಬೇಡಿ, ರೋಟರ್ ಬೇಗ ಸವೆಯುತ್ತದೆ. ಹೈಡ್ರಾಲಿಕ್‌ನಲ್ಲಿ ಶಿಮಾನೊ ಬಳಸುವುದು ಮಿನರಲ್ ಆಯಿಲ್, ಸ್ರ್ಯಾಮ್ ಕಂಪನಿಯ ರೋಡ್ ಬ್ರೇಕುಗಳದ್ದು ಡಾಟ್ (ಕಾರಿನ ಬ್ರೇಕಿನಂಥ) ಎಣ್ಣೆ; ಅದಲುಬದಲಾದರೆ ಒಳಗಿನ ಸೀಲುಗಳು ಊದಿ ಇಡೀ ಬ್ರೇಕ್ ಹಾಳು. ತೀರ ಹಳೆಯ ಸ್ರ್ಯಾಮ್ ಹೈಡ್ರಾಲಿಕ್ ರೋಡ್ ಲಿವರ್ ಕಂಡರೆ ಇನ್ನೂ ಹುಷಾರು. 2013ರ ಡಿಸೆಂಬರಿನಲ್ಲಿ, ಕೊರೆಯುವ ಚಳಿಯ ಸೈಕ್ಲೋಕ್ರಾಸ್ ರೇಸಿನಲ್ಲಿ ಮಾಸ್ಟರ್ ಸಿಲಿಂಡರಿನ ಸೀಲುಗಳು ಒತ್ತಡ ಹಿಡಿಯದೆ ಕೈಕೊಟ್ಟ ಮೇಲೆ, ಕಂಪನಿ ಆ ಬ್ರೇಕುಗಳನ್ನು ವಾಪಸ್ ಕರೆದಿತ್ತು.

ಕರ್ನಾಟಕದಲ್ಲಿ ಸೈಕಲ್ ಕಲಿತು ಬೆಲ್ಜಿಯಂ, ನೆದರ್ಲೆಂಡ್ಸ್ ಕಡೆ ಹೋದವರಿಗೆ ಒಂದು ಮಾತು. ನಮ್ಮಲ್ಲಿ ಸಾಮಾನ್ಯವಾಗಿ ಮುಂದಿನ ಬ್ರೇಕ್ ಬಲಗೈಗೆ. ಯುರೋಪಿನ ಆ ಭಾಗದಲ್ಲಿ ಎಡಗೈಗೆ. ಸೈಕ್ಲೋಕ್ರಾಸ್‌ನಲ್ಲಿ ಎಡಬದಿಗೆ ಇಳಿಯುವಾಗ ಬಲಗೈ ಮೇಲಿನ ಕೊಳವೆ ಹಿಡಿಯುತ್ತದೆ, ಬ್ರೇಕ್ ಮೇಲೆ ಉಳಿಯುವುದು ಎಡಗೈ ಒಂದೇ. ಎಡಗೈಗೆ ಮುಂದಿನ ಬ್ರೇಕ್ ಇದ್ದು, ಕೆಸರು ನೆಲದಲ್ಲಿ ಗಾಬರಿಯಿಂದ ಒತ್ತಿದರೆ ಅಡ್ಡಹಲಗೆ ಬರುವ ಮುಂಚೆಯೇ ಮೂತಿ ನೆಲಕ್ಕೆ. ಆದ್ದರಿಂದ ಅಲ್ಲಿಯ ಎಷ್ಟೋ ರೇಸಿನವರೂ ನಮ್ಮ ಹಾಗೇ ಬದಲಿಸಿಕೊಳ್ಳುತ್ತಾರೆ. ಕೇಬಲ್ಲಾದರೆ ಅರ್ಧ ಗಂಟೆಯ ಕೆಲಸ, ಹೈಡ್ರಾಲಿಕ್ ಆದರೆ ಎರಡೂ ಬ್ರೇಕ್ ಬ್ಲೀಡ್ ಮಾಡಿ ಒಳಗಿನ ಗಾಳಿ ತೆಗೆಯಬೇಕು.

ಇನ್ನು ಕ್ರ್ಯಾಂಕು. ಆ ಸೈಕಲ್ಲಿಗೆ ಹಾಕಿದ್ದು 50/34 ಹಲ್ಲಿನ ರೋಡ್ ಕ್ರ್ಯಾಂಕು. ಕ್ರಾಸಿಗೆ 50 ಹಲ್ಲು ದೊಡ್ಡದು, 34 ಸಣ್ಣದು; ಒಂದರಿಂದ ಇನ್ನೊಂದಕ್ಕೆ 16 ಹಲ್ಲಿನ ಜಿಗಿತ. ಕುಲುಕುವ ನೆಲದಲ್ಲಿ ಅಷ್ಟು ಕೆಳಗಿಳಿಯುವಾಗ ಚೈನು ಒಳಗೆ ಕಳಚುವುದು ಸಹಜ. ಕ್ರಾಸಿನ ರೂಢಿಯ ಜೋಡಿ 46/36, ಹತ್ತೇ ಹಲ್ಲಿನ ಅಂತರ. ಕೊಳ್ಳುವ ಮುಂಚೆ ಹಲ್ಲುಚಕ್ರದ ಬೋಲ್ಟುಗಳ ವೃತ್ತದ ವ್ಯಾಸ ಕೇಳಿ: 110 ಮಿಮೀ ಆದರೆ 46/36 ಎರಡೂ ಕೂರುತ್ತವೆ. ಹಳೆಯ 130 ಮಿಮೀ ಕ್ರ್ಯಾಂಕಿನಲ್ಲಿ 38ಕ್ಕಿಂತ ಕೆಳಗೆ ಇಳಿಯಲಾಗದು, ಅಗ್ಗಕ್ಕೆ ಸಿಕ್ಕಿತೆಂದು ತಂದರೆ ಏರಿನಲ್ಲಿ ಪಶ್ಚಾತ್ತಾಪ. 50 ತೆಗೆದು 46 ಹಾಕಿದಾಗ ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ತಳ್ಳುವ ಮುಂದಿನ ಡಿರೇಲರನ್ನು ಇಳಿಸಿ, ಪಂಜರದ ಹೊರತಟ್ಟೆ ಹಲ್ಲಿಗಿಂತ 1ರಿಂದ 3 ಮಿಮೀ ಮೇಲೆ ನಿಲ್ಲಿಸಬೇಕು. ಫ್ರೇಮಿಗೆ ಬೆಸೆದ ಕೊಂಡಿಯಿದ್ದರೆ ಅಷ್ಟು ಇಳಿಯುವುದೇ ಇಲ್ಲ, ಇಳಿದರೂ ಪಂಜರದ ಬಾಲ ಚೈನ್‌ಸ್ಟೇಗೆ (ಹಿಂದಿನ ಚಕ್ರಕ್ಕೆ ಹೋಗುವ ಕೆಳಕೊಳವೆ) ಬಡಿಯಬಹುದು. ಹೆಗಲಿಗೇರಿಸಲು ಅನುಕೂಲವಾಗಲೆಂದು ಕ್ರಾಸ್ ಫ್ರೇಮುಗಳಲ್ಲಿ ಕೇಬಲ್ ಮೇಲಿನ ಕೊಳವೆಯ ಮೇಲೇ ಓಡುವುದು ಹೆಚ್ಚು. ರೋಡ್ ಡಿರೇಲರಿಗೋ ಕೆಳಗಿನಿಂದ ಎಳೆತ ಬೇಕು. ನಡುವೆ ಒಂದು ರಾಟೆ ಬೇಕಾಗುತ್ತದೆ, ಅದು ಕೆಸರಲ್ಲಿ ಸಿಕ್ಕಿಕೊಳ್ಳುವ ಮೊದಲ ವಸ್ತು.

ಈ ತಲೆನೋವಿಗೆಲ್ಲ ಮದ್ದು ಮುಂದೆ ಒಂದೇ ಹಲ್ಲುಚಕ್ರ: 38ರಿಂದ 42. ಹಿಂದೆ 11-32. ಅದೂ ಒಂದು ದಪ್ಪ, ಒಂದು ತೆಳು ಹಲ್ಲಿನದೇ ಆಗಬೇಕು, ಹಿಂದಿನ ಡಿರೇಲರಿಗೆ ಚೈನನ್ನು ಸಡಿಲಬಿಡದ ಕ್ಲಚ್ ಇರಬೇಕು. ಇದ್ದ ಎರಡು ಚಕ್ರದಲ್ಲಿ ಒಂದನ್ನು ಬಿಚ್ಚಿಟ್ಟು ಒಂಟಿ ಮಾಡಿದರೆ ಪ್ರಯೋಜನವಿಲ್ಲ. ಗೇರ್ ಬದಲಿಸಲೆಂದು ಮೋಟುಮಾಡಿದ ಹಲ್ಲುಗಳೇ ಚೈನನ್ನು ಹೊರಗೆ ತಳ್ಳುತ್ತವೆ.

ಕಿರ್‌ಕಿರ್ ಸದ್ದಿನ ಮೂಲ ಬಾಟಮ್ ಬ್ರಾಕೆಟ್, ಅಂದರೆ ಕ್ರ್ಯಾಂಕಿನ ಶಾಫ್ಟ್ ತಿರುಗುವ ಬೇರಿಂಗಿನ ಜಾಗ. ಫ್ರೇಮ್ ಪಿಎಫ್30, ಅಂದರೆ ತಿರುಪಿಲ್ಲದ 46 ಮಿಮೀ ತೂತು, ಒತ್ತಿ ಕೂರಿಸಿದ ಪ್ಲಾಸ್ಟಿಕ್ ಕಪ್ಪುಗಳು. 24 ಮಿಮೀ ಶಾಫ್ಟಿಗಾಗಿ ಒಳಗೆ ಅಡಾಪ್ಟರ್ ಬೇರೆ. ಸಂದುಗಳಿಗೆ ಮರಳು ನುಗ್ಗಿದರೆ ಸದ್ದು ಖಚಿತ. ಎಡಬಲದ ಎರಡು ಹೋಳು ಒಂದಕ್ಕೊಂದು ತಿರುಪಿಕೊಳ್ಳುವ ಬಾಟಮ್ ಬ್ರಾಕೆಟ್ ಇದಕ್ಕೆ ಒಳ್ಳೆಯ ಪರಿಹಾರ. ಆಯ್ಕೆ ನಿಮ್ಮ ಕೈಯಲ್ಲಿದ್ದರೆ ತಿರುಪಿನ 68 ಮಿಮೀ ಬಿಎಸ್‌ಎ ಫ್ರೇಮನ್ನೇ ಹಿಡಿಯಿರಿ. ಅದರ ಬಲಬದಿಯ ಕಪ್ ಎಡತಿರುಪು, ಮರೆತು ಉಲ್ಟಾ ತಿರುಗಿಸಿದರೆ ಫ್ರೇಮಿಗೇ ಪೆಟ್ಟು. ಯಾವುದಾದರೂ ಸರಿ, ರೇಸ್ ಮುಗಿದ ಮೇಲೆ ಪ್ರೆಷರ್ ವಾಷರಿನ ಮೂತಿಯನ್ನು ಬೇರಿಂಗ್ ಕಡೆಗೆ ಹಿಡಿಯಬೇಡಿ.

ಎಡತೋಳು ಅಲ್ಲಾಡಿದ್ದು ಮಾತ್ರ ಜೋಡಣೆಯ ತಪ್ಪು. ಸದ್ದು ಅಡಗಿಸಲೆಂದು ಯಾರೋ ಬೇಡದ ಸ್ಪೇಸರ್‌ಗಳನ್ನು (ಸಂದಿ ತುಂಬುವ ಬಳೆಗಳು) ತುರುಕಿದ್ದರು. ಶಾಫ್ಟ್ ಎಡತೋಳಿನೊಳಗೆ ಪೂರ್ತಿ ಹೋಗಿರಲಿಲ್ಲ, ಅರ್ಧ ಹಲ್ಲುಗಳ ಮೇಲೆ ಇಡೀ ಭಾರ. ಶಿಮಾನೊ ತೋಳಿನ ಸೀಳಿನಲ್ಲಿ ಸಣ್ಣ ಪ್ಲಾಸ್ಟಿಕ್ ತಟ್ಟೆಯೊಂದು, ಅದರಲ್ಲೊಂದು ಮೊಳೆ ಇರುತ್ತದೆ. ಶಾಫ್ಟ್ ಸರಿಯಾಗಿ ಕೂತರೆ ಮಾತ್ರ ಅದು ತೂತಿಗೆ ಇಳಿಯುತ್ತದೆ. ಇಳಿಯದಿದ್ದರೆ ಅಲ್ಲಿಗೇ ನಿಲ್ಲಿಸಿ, ಬಿಚ್ಚಿ ಸ್ಪೇಸರ್ ಎಣಿಸಿ. 68 ಮಿಮೀ ಬಿಎಸ್‌ಎ ಚಿಪ್ಪಿನಲ್ಲಿ ರೋಡ್ ಕ್ರ್ಯಾಂಕಿಗೆ ಒಂದೂ ಬೇಡ. ಕೊನೆಯ ಟೊಪ್ಪಿಯನ್ನು ಕೈಬೆರಳಿನ ಬಲಕ್ಕಷ್ಟೇ ಬಿಗಿದು, ಎರಡು ಬೋಲ್ಟುಗಳನ್ನು ಒಂದಾದ ಮೇಲೊಂದು ಸರದಿಯಲ್ಲಿ 12ರಿಂದ 14 ನ್ಯೂಟನ್ ಮೀಟರಿಗೆ ತನ್ನಿ. ಸಡಿಲ ತೋಳಿನಲ್ಲೇ ತುಳಿದು ಮನೆ ಮುಟ್ಟಿದರೆ ಒಳಹಲ್ಲು ಸವೆದು ತೋಳು ಗುಜರಿಗೆ. ಈ ಸೈಕಲ್ಲಿನಲ್ಲಿ ಅದೇ ಆಯಿತು.

ಬದಲಿ ಕ್ರ್ಯಾಂಕು ಸೆಕೆಂಡ್ ಹ್ಯಾಂಡಿನಲ್ಲಿ ಹುಡುಕುವಾಗ ಇನ್ನೊಂದು ಹೊಂಡವಿದೆ. 2023ರ ಸೆಪ್ಟೆಂಬರಿನಲ್ಲಿ ಶಿಮಾನೊ, ಜುಲೈ 2019ಕ್ಕೆ ಮುಂಚೆ ತಯಾರಾದ 11 ಗೇರಿನ ಅಲ್ಟೆಗ್ರಾ, ಡ್ಯೂರಾ ಏಸ್ ಹಾಲೋಟೆಕ್ (ಟೊಳ್ಳು ತೋಳಿನ) ಕ್ರ್ಯಾಂಕುಗಳನ್ನು ತಪಾಸಣೆಗೆ ಕರೆಯಿತು. ಅಮೆರಿಕದಲ್ಲೇ ಸುಮಾರು 6,80,000. ಅಂಟಿಸಿದ ಎರಡು ಹೋಳುಗಳು ಬಿಟ್ಟುಕೊಂಡು ತೋಳು ಮುರಿಯುವುದು ಅದರ ರೋಗ. ತೋಳಿನ ಒಳಬದಿಯಲ್ಲಿ ಎರಡಕ್ಷರದ ತಯಾರಿಕಾ ಸಂಕೇತ ಇರುತ್ತದೆ. ಅದರ ಸ್ಪಷ್ಟ ಫೋಟೋ ಕೇಳಿ, ಕೊಡಲು ತಡಬಡಿಸಿದರೆ ಬಿಟ್ಟುಬಿಡಿ. ಕೊಟ್ಟರೂ ಬಲತೋಳಿನ ಹಿಂಬದಿಯನ್ನು ಬಟ್ಟೆಯಿಂದ ಒರೆಸಿ, ಟಾರ್ಚ್ ಹಿಡಿದು, ಜೋಡಿನ ಗೆರೆಯಲ್ಲಿ ಉಗುರು ಆಡಿಸಿ. ಉಗುರು ಸಿಕ್ಕಿಕೊಂಡರೆ ದುಡ್ಡು ಜೇಬಿನಲ್ಲೇ ಇರಲಿ.